ಯುದ್ಧ ಗೆದ್ದ ನಾಯಕ, ಚುನಾವಣೆ ಸೋತ ನಾಯಕ

ಎರಡನೆಯ ಮಹಾಯುದ್ಧದ ಪಾಠದಲ್ಲಿ ರೂಸ್‌ವೆಲ್ಟ್, ಚರ್ಚಿಲ್, ಸ್ಟಾಲಿನ್ ಹೆಸರುಗಳನ್ನು ಓದಿದ್ದೀರಿ. 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಮೂವರೂ ಒಟ್ಟಿಗೆ ಕುಳಿತಿದ್ದರು. ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡರು. ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು.

ಬ್ರಿಟನ್ನಿನಲ್ಲಿ ಜುಲೈ 5ರಂದು ಮತದಾನ ನಡೆಯಿತು. ಹೊರದೇಶಗಳಲ್ಲಿದ್ದ ಸೈನಿಕರ ಮತಗಳೂ ಬಂದು ಸೇರಲೆಂದು ಎಣಿಕೆಯನ್ನು 26ರವರೆಗೆ ತಡೆದಿದ್ದರು. ಪಾಟ್ಸ್‌ಡ್ಯಾಮ್ ಸಮ್ಮೇಳನ ಇನ್ನೂ ಮುಗಿದಿರಲಿಲ್ಲ. ಚರ್ಚಿಲ್ಲರ ಪಕ್ಷ ಸೋತಿತು, ಅವರ ಸ್ಥಾನದಲ್ಲಿ ಅಟ್ಲೀ ಬಂದು ಕುಳಿತರು.

ಜನ ಕೃತಘ್ನರೇ? ಅಲ್ಲ. ಯುದ್ಧಾನಂತರ ಅವರಿಗೆ ಮನೆ, ಉದ್ಯೋಗ, ಆರೋಗ್ಯದ ಭರವಸೆ ಬೇಕಿತ್ತು. 1947ರಲ್ಲಿ ಭಾರತ ಸ್ವತಂತ್ರವಾದಾಗ ಬ್ರಿಟನ್ನಿನ ಪ್ರಧಾನಿ ಅಟ್ಲೀಯವರೇ. ನಾಯಕರ ಹೆಸರುಗಳ ಜೊತೆಗೆ, ಅವರನ್ನು ಏರಿಸಿ ಇಳಿಸಿದ ಜನರನ್ನೂ ಓದಿರಿ. ನಾಳೆ ಮತ ಹಾಕುವವರು ನೀವೇ.