ಹಾಸ್ಟೆಲ್ ಹುಡುಗರ ದನಿ

ಯುವಜನರ ಚಳವಳಿ ಎಂದ ಕೂಡಲೇ ಹುಡುಗರೆಲ್ಲ ಒಂದು ಕಡೆ, ಸರ್ಕಾರ ಇನ್ನೊಂದು ಕಡೆ ಎಂದು ಭಾವಿಸುತ್ತೇವೆ. ನಮ್ಮದೇ ನಾಡಿನ ಬೂಸಾ ಪ್ರಕರಣ ಹಾಗಿರಲಿಲ್ಲ.

1973ರ ನವೆಂಬರ್. ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದುಬಿಟ್ಟರು. ಕಾಲೇಜುಗಳು ಹೊತ್ತಿ ಉರಿದವು. ಸಚಿವರು ತೊಲಗಲಿ ಎಂದು ಬೀದಿಗಿಳಿದವರು ವಿದ್ಯಾರ್ಥಿಗಳು. ಅವರು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಎದ್ದು ನಿಂತವರೂ ವಿದ್ಯಾರ್ಥಿಗಳೇ. ಈ ಎರಡನೆಯ ಗುಂಪು ಚಿಕ್ಕದು. ಹೆಚ್ಚಿನವರು ದಲಿತ ಹುಡುಗರು, ತಮ್ಮ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡವರು. ಹಾಸ್ಟೆಲ್‌ಗಳಿಗೇ ನುಗ್ಗಿ ಅವರನ್ನು ಹೊಡೆದರು. ಹೊಡೆದವರ ಕನ್ನಡಾಭಿಮಾನ ಸುಳ್ಳೆಂದು ನಾನು ಹೇಳುವುದಿಲ್ಲ. ಆ ಅಭಿಮಾನದಲ್ಲಿ ಕೇರಿಗೆ ಜಾಗವಿರಲಿಲ್ಲ, ಅಷ್ಟೆ. ಕೊನೆಗೆ ಬಸವಲಿಂಗಪ್ಪ ರಾಜೀನಾಮೆ ಕೊಟ್ಟರು.

ಸೋತ ಹುಡುಗರು ಮಾತ್ರ ಸುಮ್ಮನಾಗಲಿಲ್ಲ. ಅವರಿಗಿದ್ದ ಆಸ್ತಿ ಎಂದರೆ ಆ ಹಾಸ್ಟೆಲ್ ಕೋಣೆಗಳೇ. ಬೇರೆ ಬೇರೆ ಊರಿನ ಕೇರಿಗಳಿಂದ ಬಂದವರು ಒಂದೇ ಪಂಕ್ತಿಯಲ್ಲಿ ಉಂಡು, ರಾತ್ರಿಯೆಲ್ಲ ಅಂಬೇಡ್ಕರ್, ಲೋಹಿಯಾ ಎಂದು ವಾದ ಹೂಡುತ್ತಿದ್ದರು. ತನ್ನೂರಿನ ಅವಮಾನ ಪಕ್ಕದ ತಾಲ್ಲೂಕಿನವನದೂ ಹೌದೆಂದು ಗೊತ್ತಾದದ್ದು ಅಲ್ಲಿ. ಮಾಗಡಿ ಸೀಮೆಯ ಮಂಚನಬೆಲೆಯಿಂದ ಬಂದ ಕವಿ ಸಿದ್ಧಲಿಂಗಯ್ಯನವರಿಗೆ ಆಗಿನ್ನೂ ಹತ್ತೊಂಬತ್ತು. ಎರಡೇ ವರ್ಷದಲ್ಲಿ, 1975ರಲ್ಲಿ, ಅವರ ಕವನ ಸಂಕಲನ 'ಹೊಲೆಮಾದಿಗರ ಹಾಡು' ಬಂತು.

ಪುಸ್ತಕಕ್ಕಿಂತ ವೇಗವಾಗಿ ಓಡಿದ್ದು ಹಾಡು. ಮೆರವಣಿಗೆಯ ಮುಂದೆ ಒಬ್ಬ ತಮಟೆ ಹಿಡಿದು ಸೊಲ್ಲು ಎತ್ತುತ್ತಾನೆ, ಹಿಂದಿನವರು ಅದನ್ನೇ ತಿರುಗಿ ಹೇಳುತ್ತಾರೆ. ಎರಡು ಸುತ್ತು ಬರುವಷ್ಟರಲ್ಲಿ ಓದು ಬಾರದ ಕೂಲಿಯಾಳಿಗೂ ಅದು ಬಾಯಿಪಾಠ. ಭಾಷಣವಾದರೆ ಒಬ್ಬನದು, ಕೇಳಿ ಮನೆಗೆ ಹೋಗಬಹುದು. ಹಾಡಿದವನು ಹಾಗೆ ತಪ್ಪಿಸಿಕೊಳ್ಳಲಾರ. ಬೇಡಿಕೆ ಅವನ ಬಾಯಲ್ಲೇ ಬಂದಿರುತ್ತದಲ್ಲ! ಊರಲ್ಲಿ ಸಾವಿನ ಮನೆ ಮುಂದೆ ಬಾರಿಸಲು ಕರೆಸುತ್ತಿದ್ದ ತಮಟೆ ಈಗ ತಾಲ್ಲೂಕು ಕಚೇರಿ ಮುಂದೆ ಮೊಳಗತೊಡಗಿತು.

ಭದ್ರಾವತಿಯ ಕನ್ನಡ ಅಧ್ಯಾಪಕ ಬಿ. ಕೃಷ್ಣಪ್ಪ ಈ ಹುರುಪಿಗೆ ದಲಿತ ಸಂಘರ್ಷ ಸಮಿತಿಯ ಕಟ್ಟು ಕೊಟ್ಟರು. ಭೂಮಿ ಕೇಳಿದರು, ಸಾರಾಯಿ ಬೇಡ, ವಸತಿ ಶಾಲೆ ಕೊಡಿ ಎಂದರು. ಹಾಸ್ಟೆಲ್ಲಿನಿಂದ ಎದ್ದ ಚಳವಳಿ ಇನ್ನಷ್ಟು ಹಾಸ್ಟೆಲ್ ಕೇಳಿದ್ದು ಸಹಜವೇ. ಇವತ್ತಿನ ಹುಡುಗರ ಕೈಯಲ್ಲಿ ಮೊಬೈಲ್ ಇದೆ, ಕ್ಷಣದಲ್ಲಿ ಲಕ್ಷ ಜನರನ್ನು ಮುಟ್ಟುತ್ತಾರೆ. ಒಟ್ಟಿಗೆ ಉಂಡು ಜಗಳವಾಡಲು ಅವರಿಗೊಂದು ಕೋಣೆ ಇದೆಯೇ ಎಂಬುದು ನನ್ನ ಅನುಮಾನ.

ಅಂಥ ಕೋಣೆಯಿಂದ ಬಂದ ಸಿದ್ಧಲಿಂಗಯ್ಯ 1988ರಲ್ಲಿ ವಿಧಾನ ಪರಿಷತ್ತಿಗೆ ಹೋದರು. ಬೀದಿಯ ಕವಿ ಸದನದಲ್ಲಿ ಕೂರಬಹುದೇ ಎಂಬ ತಕರಾರು ಆಗಲೂ ಇತ್ತು, ಈಗಲೂ ಇದೆ. ಕೂರಬೇಕು ಎನ್ನುವವನು ನಾನು. ಒಪ್ಪದವರು ಈಗ ಪ್ರಶ್ನೆ ಕೇಳಬಹುದು.