ಸುಸ್ತನ್ನ ಮುಚ್ಚಿಡಬೇಡಿ

ನಾನು ಡೊಂಬಿವಲಿಯವಳು. ಅಂಡಾಶಯದ ಕ್ಯಾನ್ಸರ್‌ಗೆ ಖಾರ್ಘರ್‌ನ ಟಾಟಾದವರ ಆ್ಯಕ್ಟ್ರೆಕ್‌ನಲ್ಲಿ ಮೂರು ವಾರಕ್ಕೊಂದರಂತೆ 6 ಕೀಮೋ ಆಯ್ತು. ಠಾಣೆಯಲ್ಲಿ ಇಳಿದು ಪನ್ವೇಲ್ ಲೋಕಲ್ ಹತ್ತೋ ಹೊತ್ತಿಗೇ ಕಾಲು ಸೋತುಹೋಗ್ತಿತ್ತು.

ವಾಂತಿ, ನೋವು ಎಲ್ಲ ಡಾಕ್ಟರಿಗೆ ಹೇಳ್ತಿದ್ದೆ. ಸುಸ್ತು ಮಾತ್ರ ಮುಚ್ಚಿಟ್ಟೆ. ಹೇಳಿದ್ರೆ ಕೀಮೋ ನಿಲ್ಲಿಸಿಬಿಡ್ತಾರೆ ಅನ್ನೋ ಭಯ. ಒಂದಿನ ಮಗಳು, "ಅಮ್ಮಾ, ನೀನು ನನ್ನ ಜೊತೆ ಮಾತೇ ಆಡಲ್ಲ" ಅಂದಳು. ಆಗ ಬಾಯಿ ಬಿಟ್ಟೆ.

ಮೊದಲು ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ ಕಡಿಮೆಯಿತ್ತು, ಚಿಕಿತ್ಸೆ ಕೊಟ್ಟರು. ಆಮೇಲೆ ಕೌನ್ಸೆಲರ್ ಒಂದು ಡೈರಿ ಇಡಿಸಿದರು: ಯಾವ ಹೊತ್ತಿಗೆ ಎಷ್ಟು ಸುಸ್ತು, 10ಕ್ಕೆ ಅಂಕ. ವಾರದಲ್ಲೇ ಗೊತ್ತಾಯ್ತು, ಸಂಜೆ ಐದಕ್ಕೆ ನನಗೆ ಜೀವ ಬರುತ್ತೆ. ಆ ಹೊತ್ತನ್ನ ಅಡುಗೆಮನೆಗೆ ಸುರೀತಿದ್ದೆ! ಅಡುಗೆ ಯಜಮಾನರು ವಹಿಸ್ಕೊಂಡ್ರು. ನಾನು ಕೂತು ತರಕಾರಿ ಹೆಚ್ಚೋದಷ್ಟೇ. ಮಧ್ಯಾಹ್ನ ಅಲಾರಂ ಇಟ್ಟು ಅರ್ಧ ಗಂಟೆ ನಿದ್ದೆ. ಐದಕ್ಕೆ ಮಗಳ ಜೊತೆ ಸೊಸೈಟಿ ಅಂಗಳದಲ್ಲಿ ಹತ್ತು ನಿಮಿಷ ನಡಿಗೆ, ಮಾತು.

ಸುಸ್ತು ಪೂರ್ತಿ ಹೋಗಲಿಲ್ಲ. ಕೀಮೋನೂ ನಿಲ್ಲಲಿಲ್ಲ. ಆದರೆ ದಿನ ನನ್ನ ಕೈಗೆ ಬಂತು. ಇದು ಮಲಗಿದ್ರೆ ಹೋಗೋ ದಣಿವಲ್ಲ, ಸೋಮಾರಿತನವೂ ಅಲ್ಲ. ಡಾಕ್ಟರಿಗೆ ಹೇಳಿ.