ಕ್ಷಯರೋಗ ನಿವಾರಣೆಯೂ ಸತ್ಯಪರೀಕ್ಷೆಯೂ



ರೋಗವೊಂದನ್ನು ನಾಡಿನಿಂದ ನೀಗಿಸಬೇಕಾದರೆ ಔಷಧವಿದ್ದರೆ ಮಾತ್ರ ಸಾಲದು. ಅದನ್ನು ಯಾರಿಗೆ, ಎಲ್ಲಿ, ಯಾವ ರೀತಿಯಲ್ಲಿ ಕೊಡತಕ್ಕದ್ದೆಂಬುದನ್ನು ಸರಕಾರವು ನಿರ್ಣಯಿಸಬೇಕಾಗುತ್ತದೆ. ಆ ನಿರ್ಣಯಕ್ಕೆ ಪರೀಕ್ಷಿಸಿ ಕಂಡ ಸತ್ಯವೇ ಆಧಾರವಾಗಬೇಕು. ಇದಕ್ಕೆ ಕ್ಷಯರೋಗದ ಚರಿತ್ರೆಯು ಉತ್ತಮ ನಿದರ್ಶನವಾಗಿದೆ.

ಕ್ಷಯರೋಗಿಯು ಆರೋಗ್ಯಧಾಮದಲ್ಲಿ ತಿಂಗಳುಗಟ್ಟಲೆ ಇದ್ದು, ವಿಶ್ರಾಂತಿ, ಶುದ್ಧವಾಯು, ಪುಷ್ಟಿಕರವಾದ ಆಹಾರಗಳಿಂದ ಗುಣಹೊಂದಬೇಕೆಂಬುದು ಹಿಂದಿನ ವೈದ್ಯರ ದೃಢವಾದ ನಂಬಿಕೆಯಾಗಿದ್ದಿತು. ಆದರೆ ಲಕ್ಷಾಂತರ ರೋಗಿಗಳಿಗೆ ಅಷ್ಟು ಹಾಸಿಗೆಗಳು ಎಲ್ಲಿಂದ ಬರಬೇಕು? ಬಡವನು ದುಡಿಮೆಯನ್ನು ಬಿಟ್ಟು ಹೋದರೆ ಅವನ ಮಕ್ಕಳ ಗತಿಯೇನು? 1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯರೋಗ ಔಷಧೋಪಚಾರ ಕೇಂದ್ರವು ಈ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿತು. 193 ಮಂದಿ ರೋಗಿಗಳನ್ನು ಚೀಟಿಯೆತ್ತಿದಂತೆ ಪಕ್ಷಪಾತವಿಲ್ಲದೆ ಎರಡು ಪಂಗಡಗಳಾಗಿ ವಿಭಾಗಿಸಿ, ಒಂದಕ್ಕೆ ಆರೋಗ್ಯಧಾಮದಲ್ಲಿಯೂ ಮತ್ತೊಂದಕ್ಕೆ ಮನೆಯಲ್ಲಿಯೂ ಒಂದು ವರುಷ ಪರ್ಯಂತ ಅವೇ ಔಷಧಗಳನ್ನು ಕೊಡಲಾಯಿತು. 1959ರಲ್ಲಿ ಫಲಿತಾಂಶವು ಪ್ರಕಟವಾಯಿತು. ಇಕ್ಕಟ್ಟಾದ ಮನೆಗಳಲ್ಲಿ, ಅರೆಹೊಟ್ಟೆಯ ಊಟದಲ್ಲಿದ್ದವರೂ ಹೆಚ್ಚುಕಡಮೆ ಆರೋಗ್ಯಧಾಮದವರಂತೆಯೇ ಗುಣಹೊಂದಿದ್ದರು. ಅವರ ಮನೆಯವರಿಗೂ ಅದರಿಂದ ಅಪಾಯವು ಹೆಚ್ಚಲಿಲ್ಲ.

ಅದೇ ವರುಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಹಳ್ಳಿಗನು ಅಜ್ಞಾನದಿಂದ ವೈದ್ಯರ ಬಳಿಗೆ ಬಾರನೆಂಬ ಮಾತನ್ನು ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಸಂಶೋಧಕರು ಸುಮ್ಮನೆ ಒಪ್ಪಲಿಲ್ಲ. ತುಮಕೂರು ಜಿಲ್ಲೆಯಲ್ಲಿ ರೋಗಿಗಳನ್ನೇ ವಿಚಾರಿಸಿ ನೋಡಿದರು. ಬಹುಮಂದಿ ತಮ್ಮ ಬೇನೆಯ ಲಕ್ಷಣಗಳನ್ನು ಅರಿತಿದ್ದರು. ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆಯನ್ನರಸಿ ಹೋಗಿದ್ದರು. ಆದರೆ ಅವರಿಗೆ ದೊರೆತದ್ದು ಬಹುಮಟ್ಟಿಗೆ ಕೆಮ್ಮಿನ ಔಷಧದ ಸೀಸೆ. ಕೊರತೆಯು ರೋಗಿಯಲ್ಲಿರಲಿಲ್ಲ, ಆಸ್ಪತ್ರೆಯ ಬಾಗಿಲಲ್ಲಿದ್ದಿತು.

ಇಂತಹ ಅರಿವಿನ ಮೇಲೆಯೇ 1962ರ ರಾಷ್ಟ್ರೀಯ ಕಾರ್ಯಕ್ರಮವು ನಿಂತಿತು. ಕೆಮ್ಮುತ್ತ ಬಂದವನ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲಿಯೇ ಪರೀಕ್ಷಿಸಿ, ಅವನು ಮನೆಯಲ್ಲಿದ್ದುಕೊಂಡೇ ಔಷಧ ಪಡೆಯುವ ಏರ್ಪಾಡಾಯಿತು. ಆದರೆ ನೀತಿಯನ್ನು ರೂಪಿಸಿದ ಮಾತ್ರಕ್ಕೆ ಪರೀಕ್ಷೆಯು ಮುಗಿಯದು. 1992ರಲ್ಲಿ ಆ ಕಾರ್ಯಕ್ರಮವನ್ನೇ ವಿಮರ್ಶಿಸಿದಾಗ, ಅನೇಕರು ಚಿಕಿತ್ಸೆಯನ್ನು ನಡುವಿನಲ್ಲಿಯೇ ಬಿಡುತ್ತಿರುವುದು ಕಂಡುಬಂದಿತು. ಆದಕಾರಣ, ರೋಗಿಯು ಔಷಧವನ್ನು ನುಂಗುವುದನ್ನು ಕಣ್ಣಾರೆ ನೋಡುವ ಪರಿಷ್ಕೃತ ಕ್ರಮವು 1993ರಿಂದ ಆರಂಭವಾಯಿತು.

ಈ ಕಾರ್ಯದಲ್ಲಿ ಭಕ್ತಜನರಿಗೂ ಪಾಲುಂಟು. ಆರೋಗ್ಯ ವಿಚಾರಣೆಗೆ ಮನೆಬಾಗಿಲಿಗೆ ಬಂದವರಿಗೆ ನಿಜವನ್ನೇ ತಿಳಿಸಿರಿ; ಬೇನೆಯನ್ನು ಮರೆಮಾಚಿದರೆ ಲೆಕ್ಕವೂ ತಪ್ಪುವುದು, ನೀತಿಯೂ ತಪ್ಪುವುದು. ಎರಡು ವಾರಗಳಿಗೂ ಮೀರಿ ಕೆಮ್ಮುವವರನ್ನು ಕಫಪರೀಕ್ಷೆಗೆ ಕರೆದೊಯ್ಯಿರಿ. ಔಷಧವನ್ನು ಆರಂಭಿಸಿದವರು ಅದನ್ನು ಪೂರೈಸುವ ತನಕ ಅವರ ಕೈಬಿಡಬೇಡಿರಿ.